ಕಲ್ಲುಹೂವಿಗೆ ಹೆಸರಿಟ್ಟವರು

ಬ್ಯಾಡಗಿ ಪೇಟೆಗೆ ಬಂದವರು ಬರೀ ಮೆಣಸಿನಕಾಯಿ ಕಟ್ಟಿಸಿಕೊಂಡು ಹೋಗುವುದಿಲ್ಲ. ವರ್ಷಕ್ಕಾಗುವಷ್ಟು ಮಸಾಲಿ ಖಾರ ಕುಟ್ಟಿಸಬೇಕಾದ ಮನೆಯವರು ಪಕ್ಕದ ಕಿರಾಣಿ ಅಂಗಡಿಗೂ ಹೋಗುತ್ತಾರೆ. ಕೊತ್ತಂಬರಿ ಬೀಜ, ಲವಂಗ, ಚಕ್ಕೆ, ಮರಾಠಿ ಮೊಗ್ಗು ಎಲ್ಲ ತೂಗಿಸಿದ ಮೇಲೆ ಕೊನೆಗೆ ಒಂದು ಹಿಡಿ ದಗಡಫೂಲು ಕೇಳುತ್ತಾರೆ. ದಕ್ಷಿಣದವರು ಅದನ್ನೇ ಕಲ್ಲುಹೂವು ಅನ್ನುತ್ತಾರೆ. ಕೈಯಲ್ಲಿ ಹಿಡಿದರೆ ಗಾಳಿಯಷ್ಟು ಹಗುರ. ಒಂದು ಮೈ ಬೂದಿ ಬಣ್ಣ, ಇನ್ನೊಂದು ಮೈ ಇದ್ದಿಲ ಕಪ್ಪು, ಅಂಚೆಲ್ಲ ಸುರುಟಿಕೊಂಡಿರುತ್ತದೆ. ಹಸಿಯಾಗಿ ಮೂಸಿದರೆ ಹೆಚ್ಚೇನೂ ವಾಸನೆ ಬಾರದು. ಎಣ್ಣೆಯಲ್ಲಿ ಹುರಿದಾಗ ಮಾತ್ರ ಒಳಗಿನ ಘಮ ಬಿಟ್ಟುಕೊಡುತ್ತದೆ, ಆಗ ಓಣಿಗೆಲ್ಲ ಗೊತ್ತಾಗುತ್ತದೆ ಯಾರ ಮನೆಯಲ್ಲಿ ಖಾರ ಹುರಿಯುತ್ತಿದ್ದಾರೆಂದು. ಎಲ್ಲಿಯದು ಇದು ಎಂದು ಕೇಳಿದರೆ ಅಂಗಡಿಯವರು ಹೇಳುವುದು ಒಂದೇ ಮಾತು: ‘ಅಡವ್ಯಾಗಿಂದು ಬರತೈತ್ರಿ.’

ಅದು ಹೂವಲ್ಲ. ಅದಕ್ಕೆ ಬೇರಿಲ್ಲ, ಕಾಂಡವಿಲ್ಲ, ಬೀಜವಿಲ್ಲ. ಯಾವ ರೈತನೂ ಅದನ್ನು ಬಿತ್ತಿ ಬೆಳೆದವನಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಸೇರಿ ಕಟ್ಟಿಕೊಂಡ ಸಂಸಾರ ಅದು. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ, ಪಾಚಿ ಬಿಸಿಲಿನಿಂದ ಅನ್ನ ಮಾಡುತ್ತದೆ. ವಿಜ್ಞಾನದಲ್ಲಿ ಲೈಕನ್ ಎಂದು ಕರೆಯುವ ಈ ಜೀವವರ್ಗಕ್ಕೆ ಆಯುರ್ವೇದದಲ್ಲಿ ಹಳೆಯ ಕಾಲದಿಂದಲೂ ಜಾಗ ಉಂಟು; ಅಲ್ಲಿ ಅದು ಶೈಲೇಯ. ಅಡುಗೆಮನೆ, ವೈದ್ಯರ ಮನೆ ಎರಡೂ ಕಡೆ ಇಷ್ಟು ಬಳಕೆಯಲ್ಲಿದ್ದ ವಸ್ತುವಿಗೆ ಶಾಸ್ತ್ರೀಯ ಹೆಸರು ಇಡುವ ಕೆಲಸ ಮಾತ್ರ ಸುಮಾರು ಇನ್ನೂರು ವರ್ಷ ನಮ್ಮ ನೆಲದಿಂದ ಬಹುದೂರ ನಡೆಯಿತು. ಹೆಸರಿಟ್ಟವರಲ್ಲಿ ಹೆಚ್ಚಿನವರು ಅದು ಬೆಳೆದ ಕಲ್ಲನ್ನಾಗಲಿ ಮರವನ್ನಾಗಲಿ ಕಣ್ಣಾರೆ ಕಂಡವರಲ್ಲ. ಆ ಕೆಲಸ ನಮ್ಮವರ ಕೈಗೆ ಹೇಗೆ ಬಂತು ಎಂಬ ಚರಿತ್ರೆಯನ್ನು ಹಾವೇರಿ ಜಿಲ್ಲೆಯ ಗಳಗನಾಥದಂಥ ಊರಲ್ಲಿ ಕೂತು ಓದಿದರೆ ಅದರ ಅರ್ಥವೇ ಬೇರೆಯಾಗುತ್ತದೆ.

ಸ್ವೀಡನ್ನಿನ ಲಿನ್ನೇಯಸ್ 1753ರಲ್ಲಿ ‘ಸ್ಪೀಶೀಸ್ ಪ್ಲಾಂಟಾರಮ್’ ಎಂಬ ಗ್ರಂಥ ಹೊರತಂದ. ಗಿಡಗಳ ಹೆಸರಿಡುವ ಇಂದಿನ ಪದ್ಧತಿ ಶುರುವಾಗುವುದು ಆ ಪುಸ್ತಕದಿಂದ. ಪ್ರಪಂಚದ ಗಿಡಮರಗಳನ್ನೆಲ್ಲ ಅಚ್ಚುಕಟ್ಟಾಗಿ ಕುಲ, ಜಾತಿ ಎಂದು ವಿಂಗಡಿಸಿದ ಈ ಪಂಡಿತ ಲೈಕನ್‌ಗಳ ವಿಷಯದಲ್ಲಿ ತೀರಾ ಉದಾಸೀನ ತೋರಿದ. ಸಸ್ಯಲೋಕದ ಕಡುಬಡ ಹಳ್ಳಿಗರು ಎಂದು ಅವುಗಳನ್ನು ಕರೆದು, ತನಗೆ ಗೊತ್ತಿದ್ದ ಸುಮಾರು 80 ಬಗೆಗಳನ್ನು ಒಂದೇ ಕುಲದಡಿ ತುಂಬಿಬಿಟ್ಟ. ಆ ಎಂಬತ್ತರ ನಡುವೆ ‘ಲೈಕನ್ ಫ್ಯೂಸಿಫಾರ್ಮಿಸ್’ ಎಂಬ ಹೆಸರಿನ ಮುಂದೆ ಅದರ ನೆಲೆ ಇಂಡಿಯಾ ಎಂದು ಬರೆದಿದ್ದಾನೆ. ಭಾರತದ ಲೈಕನ್‌ಗಳ ಚರಿತ್ರೆ ಬರೆಯುವವರೆಲ್ಲ ಆರಂಭಿಸುವುದು ಈ ಒಂದು ಸಾಲಿನಿಂದ.

ಆ ಜೀವಿ ಇಂದು ಸೇರಿರುವುದು ರೊಸೆಲ್ಲ ಎಂಬ ಕುಲಕ್ಕೆ. ರೊಸೆಲ್ಲದ ತವರು ಕಡಲಂಚಿನ ಬಂಡೆ ಮತ್ತು ಮರಗಳು. ಕಾನರಿ ದ್ವೀಪ, ಕೇಪ್ ವರ್ಡೆ, ಅಂಗೋಲ, ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯ, ಇವೆಲ್ಲ ಮಳೆ ಬಲು ಅಪರೂಪವಾಗಿ ಬೀಳುವ, ಆದರೆ ಕಡಲ ಮಂಜು ತಪ್ಪದೆ ಬರುವ ತೀರಗಳು. ಬೂದುಬಣ್ಣದ ನೂಲಿನಂತೆ ಬಂಡೆಗಳಿಂದ ಜೋತುಬೀಳುವ ಈ ಲೈಕನ್‌ನಿಂದ ನೇರಳೆ ಬಣ್ಣ ತೆಗೆಯುತ್ತಿದ್ದರು. ಕಿತ್ತು ತಂದು, ಹಳಸಿದ ಮೂತ್ರದಲ್ಲಿ ವಾರಗಟ್ಟಲೆ ನೆನೆಹಾಕಿ, ಆಗಾಗ ಕದಡುತ್ತ ಗಾಳಿಯಾಡಿಸಿದರೆ ಬಣ್ಣ ಏಳುತ್ತಿತ್ತು. ಇಟಲಿಯ ಫ್ಲಾರೆನ್ಸಿನ ರುಚೆಲ್ಲಾಯಿ ಮನೆತನ ಸಿರಿವಂತವಾದದ್ದು ಈ ಬಣ್ಣದ ವ್ಯಾಪಾರದಿಂದ. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಡಾಂಬರಿನ ಮೂಲದಿಂದ ಕೃತಕ ನೇರಳೆ ಬಣ್ಣ ತಯಾರಿಸಿದ ಮೇಲೆ ಆ ವ್ಯಾಪಾರ ಮೆಲ್ಲಗೆ ಕುಸಿಯಿತು. ಇಷ್ಟಾದರೂ ಅದರ ಒಂದು ಎಳೆ ಹಾವೇರಿ ಜಿಲ್ಲೆಯ ಪ್ರತಿ ಹೈಸ್ಕೂಲಿಗೂ ಬಂದು ಮುಟ್ಟಿದೆ. ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು ಎಂದು ನೋಡಲು ಮಕ್ಕಳು ಅದ್ದುವ ಲಿಟ್ಮಸ್ ಕಾಗದದ ಬಣ್ಣ ಹುಟ್ಟಿದ್ದು ಇಂಥ ಲೈಕನ್‌ಗಳಿಂದಲೇ.

ಮಂಜಿನ ಮರುಭೂಮಿಯಲ್ಲಿ ಇವು ಬದುಕುವುದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆಫ್ರಿಕದ ನೈಋತ್ಯಕ್ಕಿರುವ ನಮೀಬ್ ಮರುಭೂಮಿಯ ಕಡಲಂಚಿನಲ್ಲಿ ವರ್ಷಕ್ಕೆ 25 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ನಮ್ಮಲ್ಲಿ ಅಷ್ಟು ಮಳೆ ಒಂದು ಸಂಜೆಗೆ ಸುರಿದುಹೋಗುತ್ತದೆ. ಆದರೆ ತಣ್ಣನೆಯ ಬೆಂಗ್ವೆಲ ಪ್ರವಾಹದ ಮೇಲಿಂದ ಬರುವ ಗಾಳಿ ವರ್ಷದಲ್ಲಿ 100ಕ್ಕೂ ಹೆಚ್ಚು ದಿನ ತೀರಕ್ಕೆ ಮಂಜು ಹೊತ್ತು ತರುತ್ತದೆ. ಒಣಗಿ ಸತ್ತಂತೆ ಬಿದ್ದಿದ್ದ ಲೈಕನ್ ಆ ಮಂಜಿನ ತೇವವನ್ನು ಮೈಯಿಡೀ ಹೀರಿ ಎಚ್ಚರಗೊಳ್ಳುತ್ತದೆ. ಬಿಸಿಲೇರುವ ಮುನ್ನ ಸಿಗುವ ಒಂದೆರಡು ತಾಸಿನಲ್ಲಿ ದಿನದ ಅನ್ನ ಮಾಡಿಕೊಂಡು ಮತ್ತೆ ಒಣಗಿ ಮಲಗುತ್ತದೆ. ಇದನ್ನು ಅಳತೆಯಿಂದ ತೋರಿಸಿಕೊಟ್ಟವರು ಜರ್ಮನಿಯ ಓಟೊ ಲಾಂಗೆ ಮತ್ತು ಅವರ ಸಂಗಡಿಗರು. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ರಾಮಲೀನ ಎಂಬ ಲೈಕನ್ ಬರೀ ಇಬ್ಬನಿಯ ಮೇಲೆ ಬದುಕುವುದನ್ನು ಅವರು 1970ರಲ್ಲಿ ಪ್ರಕಟಿಸಿದರು. ನಮೀಬಿನ ಲೈಕನ್ ಬಯಲುಗಳ ಮೇಲೆ ಒಮ್ಮೆ ಜೀಪು ಹಾದುಹೋದರೆ ಚಕ್ರದ ಗುರುತು ದಶಕಗಳವರೆಗೂ ಮಾಸುವುದಿಲ್ಲ, ಅಷ್ಟು ನಿಧಾನ ಅವುಗಳ ಬೆಳವಣಿಗೆ. ಅಲ್ಲಿನ ಒಂದು ಕುಲಕ್ಕೆ 1978ರಲ್ಲಿ ಅಮೆರಿಕದ ಮೇಸನ್ ಹೇಲ್ ಮತ್ತು ಜರ್ಮನಿಯ ಫೋಬಿಸ್ ‘ಸಾಂಟೆಸೋನಿಯ’ ಎಂದು ಹೆಸರಿಟ್ಟರು, ಸ್ವೀಡನ್ನಿನ ಹಿರಿಯ ಲೈಕನ್ ತಜ್ಞ ರೋಲ್ಫ್ ಸಾಂಟೆಸನ್ನರ ಗೌರವಾರ್ಥ. ಈ ಮೇಸನ್ ಹೇಲ್ ನಮ್ಮ ಕತೆಯಲ್ಲೂ ಮತ್ತೆ ಬರುತ್ತಾರೆ.

ಗುರು ಉದಾಸೀನ ಮಾಡಿದ್ದನ್ನು ಶಿಷ್ಯ ತಲೆಯ ಮೇಲೆ ಹೊತ್ತ. ಎರಿಕ್ ಅಕೇರಿಯಸ್ ಲಿನ್ನೇಯಸ್ಸನ ಕೊನೆಯ ವಿದ್ಯಾರ್ಥಿ, 1776ರಲ್ಲಿ ಅವನ ಮುಂದೆ ಪ್ರಬಂಧ ಮಂಡಿಸಿದವನು. ಆಮೇಲೆ ವಾಡ್‌ಸ್ಟೆನ ಎಂಬ ಸಣ್ಣ ಊರಲ್ಲಿ ವೈದ್ಯನಾಗಿದ್ದುಕೊಂಡು, ರೋಗಿಗಳ ನಡುವೆ ಬಿಡುವು ಮಾಡಿಕೊಂಡು ಲೈಕನ್‌ಗಳನ್ನು ನೋಡಿದ. 1803ರಲ್ಲಿ ಒಂದು, 1810ರಲ್ಲಿ ಇನ್ನೊಂದು ದೊಡ್ಡ ಗ್ರಂಥ ಬರೆದ. ಒಂದೇ ಕುಲದಲ್ಲಿ ಒತ್ತಿಟ್ಟಿದ್ದವನ್ನು ಹಲವು ಕುಲಗಳಾಗಿ ಬಿಡಿಸಿದ. ಉಷ್ಣವಲಯದ ಲೈಕನ್‌ಗಳು ಅವನ ಮೇಜಿಗೆ ಬಂದದ್ದು ಔಷಧಿ ಅಂಗಡಿಯ ದಾರಿಯಿಂದ. ಜ್ವರಕ್ಕೆಂದು ಯುರೋಪಿಗೆ ಹಡಗೇರಿ ಬರುತ್ತಿದ್ದ ಸಿಂಕೋನ ಮೊದಲಾದ ತೊಗಟೆಗಳಿಗೆ ಅಂಟಿಕೊಂಡಿದ್ದ ಚುಕ್ಕೆಗಳನ್ನು ಆ ಕಾಲದ ಲೈಕನ್ ಪಂಡಿತರು ಭೂತಗನ್ನಡಿಯಲ್ಲಿ ನೋಡಿ ಹೆಸರಿಟ್ಟರು. ಮರ ಯಾವ ಬೆಟ್ಟದ್ದು, ಯಾವ ಎತ್ತರದ್ದು, ಒಂದೂ ಗೊತ್ತಿಲ್ಲದೆ ಮಾಡಿದ ಕೆಲಸ ಅದು. ಆದರೂ ಅವರ ಎಷ್ಟೋ ಹೆಸರುಗಳು ಇಂದಿಗೂ ನಿಂತಿವೆ ಎಂದರೆ ಆ ಕಣ್ಣುಗಳಿಗೆ ಕೈಮುಗಿಯಬೇಕು.

ಬ್ಯಾಡಗಿ ಅಂಗಡಿಯ ಕಲ್ಲುಹೂವಿನ ಹೆಸರು ಪಟ್ಟ ಪಾಡು ಇದೇ ಕಾಲದಲ್ಲಿ ಶುರುವಾಗುತ್ತದೆ. ಅಲ್ಲಿ ಮಾರಾಟವಾಗುವುದು ಒಂದೇ ಜಾತಿಯಲ್ಲ, ಹಲವು ಜಾತಿಗಳ ಕಲಬೆರಕೆ. ಅದರಲ್ಲಿ ಹೆಸರುವಾಸಿಯಾದ ಒಂದನ್ನು ಇಂಗ್ಲೆಂಡಿನ ವಿಲಿಯಂ ಹಡ್ಸನ್ 1762ರಲ್ಲಿ ‘ಲೈಕನ್ ಪರ್ಲೇಟಸ್’ ಎಂದು ಕರೆದ. ಅಕೇರಿಯಸ್ ಅದನ್ನು ‘ಪರ್ಮೀಲಿಯ ಪರ್ಲಾಟ’ ಮಾಡಿದ. 1952ರಲ್ಲಿ ಫ್ರಾನ್ಸಿನ ಶ್ವಾಜಿ ಅದನ್ನು ಪರ್ಮೊಟ್ರೀಮ ಕುಲಕ್ಕೆ ಸೇರಿಸಿದ. ಅಲ್ಲಿಗೆ ಮುಗಿಯಲಿಲ್ಲ. ಲಿನ್ನೇಯಸ್ಸನ ಇನ್ನೊಬ್ಬ ಶಿಷ್ಯ ಪೆಹ್ರ್ ಓಸ್ಬೆಕ್, ಹಡಗಿನ ಪಾದ್ರಿಯಾಗಿ ಚೀನಾಕ್ಕೆ ಹೋಗಿಬಂದವನು, 1757ರಲ್ಲೇ ಇದಕ್ಕೆ ‘ಚೈನೆನ್ಸಿಸ್’ ಎಂದು ಹೆಸರಿಟ್ಟಿದ್ದ ಎಂದು ತೋರಿಬಂತು. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಶಾಸ್ತ್ರದ ನಿಯಮ. 1986ರಲ್ಲಿ ಹೇಲ್ ಮತ್ತು ಫಿನ್‌ಲೆಂಡಿನ ಟೆವೊ ಆಹ್ತಿ ನಿಯಮದಂತೆ ಹೆಸರು ಬದಲಿಸಿದರು. ಓಸ್ಬೆಕ್ಕನ ಮೂಲ ಮಾದರಿಯನ್ನು ಮತ್ತೆ ಪತ್ತೆಹಚ್ಚಿದ ಇಂಗ್ಲೆಂಡಿನ ಡೇವಿಡ್ ಹಾಕ್ಸ್‌ವರ್ತ್ 2004ರಲ್ಲಿ ಹಳೆಯ ಹೆಸರನ್ನೇ ಮರಳಿ ನಿಲ್ಲಿಸಿದರು. ಇಂದು ‘ಪರ್ಮೊಟ್ರೀಮ ಪರ್ಲೇಟಮ್’ ಎಂಬುದೇ ಒಪ್ಪಿತ ಹೆಸರು. ಮಸಾಲೆ ಮತ್ತು ಗಿಡಮೂಲಿಕೆ ವ್ಯಾಪಾರದ ಕಾಗದಪತ್ರಗಳಲ್ಲಿ ಮಾತ್ರ ಅಕೇರಿಯಸ್ಸನ ಪರ್ಮೀಲಿಯ ಪರ್ಲಾಟ ಈಗಲೂ ಓಡಾಡುತ್ತಿದೆ.

ದಕ್ಷಿಣ ಭಾರತದ ಲೈಕನ್‌ಗಳನ್ನು ಬೇಕೆಂದೇ ಹುಡುಕಿ ಕಿತ್ತವರು ಪುದುಚೇರಿಯ ಫ್ರೆಂಚರು. ಶಾರ್ಲ್ ಬೆಲಾಂಜೆ 1820ರ ದಶಕದಲ್ಲಿ ಸಸ್ಯತೋಟ ಕಟ್ಟಲು ಪುದುಚೇರಿಗೆ ಬಂದ ಸಸ್ಯಶಾಸ್ತ್ರಜ್ಞ. ಲಿನ್ನೇಯಸ್ ‘ಇಂಡಿಯಾ’ ಎಂದು ಬರೆದಿದ್ದ ಆ ಕಡಲಂಚಿನ ರೊಸೆಲ್ಲ ಬೇರೆಯೇ ಜಾತಿಯೆಂದು ಗುರುತಿಸಿ 1838ರಲ್ಲಿ ಅದಕ್ಕೆ ‘ರೊಸೆಲ್ಲ ಮಾಂಟಾಗ್ನೆಯಿ’ ಎಂದು ಹೆಸರು ಕೊಟ್ಟದ್ದು ಅವನೇ. ಆ ಹೆಸರಿನ ಹಿಂದಿರುವ ಕಾಮೀಲ್ ಮೊಂತಾನ್ ಸೇನೆಯ ವೈದ್ಯ. ಹುಡುಗನಾಗಿದ್ದಾಗ ನೆಪೋಲಿಯನ್ನನ ದಂಡಿನ ಜೊತೆ ಈಜಿಪ್ಟಿಗೆ ಹೋಗಿದ್ದವನು, ನಿವೃತ್ತನಾದ ಮೇಲೆ ಪಾಚಿ, ಹಾವಸೆ, ಶಿಲೀಂಧ್ರಗಳನ್ನು ಹಿಡಿದು ಕೂತ. 1845ರಲ್ಲಿ ಐರ್ಲೆಂಡನ್ನು ಹಸಿವಿಗೆ ದೂಡಿದ ಆಲೂಗಡ್ಡೆ ರೋಗದ ಕಾರಣಜೀವಿಗೆ ಹೆಸರಿಟ್ಟವನೂ ಅವನೇ. ನೀಲಗಿರಿಯ ಶೋಲಾ ಕಾಡುಗಳಲ್ಲಿ ಅಲೆದು ಸ್ಯಾಮ್ಯುಯೆಲ್ ಪೆರೊಟೆ ಕಿತ್ತು ಕಳಿಸಿದ ಕಟ್ಟುಗಳನ್ನು ಬಿಚ್ಚಿ, 1842ರಲ್ಲಿ ನೀಲಗಿರಿಯ ಹೂವಿಲ್ಲದ ಸಸ್ಯಗಳ ಬಗ್ಗೆ ಪ್ರಬಂಧ ಬರೆದ. ಪೆರೊಟೆ 1870ರಲ್ಲಿ ಪುದುಚೇರಿಯಲ್ಲೇ ತೀರಿಕೊಂಡ. ಅವನು ಕಿತ್ತದ್ದು ಪ್ಯಾರಿಸ್ಸಿನಲ್ಲಿದೆ.

1869ನೇ ಇಸವಿಯನ್ನು ನಾನು ವಿಶೇಷವಾಗಿ ಗುರುತು ಹಾಕಿಕೊಂಡಿದ್ದೇನೆ. ಆ ಜನವರಿಯಲ್ಲಿ, ವರದಾ ತುಂಗಭದ್ರೆಯನ್ನು ಸೇರುವ ಗಳಗನಾಥದಲ್ಲಿ ವೆಂಕಟೇಶ ತಿರಕೊ ಕುಲಕರ್ಣಿ ಹುಟ್ಟಿದರು. ಮುಂದೆ ಊರ ಹೆಸರನ್ನೇ ಹೊತ್ತು, ಐತಿಹಾಸಿಕ ಕಾದಂಬರಿಗಳನ್ನು ಬರೆದು, ಅವನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ ಕನ್ನಡಿಗರಿಗೆ ಓದುವ ಚಟ ಹಚ್ಚಿದ ಗಳಗನಾಥರು ಅವರೇ. ಅದೇ ವರ್ಷ ಲೈಕನ್ ಶಾಸ್ತ್ರದಲ್ಲಿ ಎರಡು ಸಂಗತಿ ನಡೆದವು. ಒಂದು, ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ತನ್ನ ದೊಡ್ಡ ಪ್ರಬಂಧ ಅಚ್ಚು ಹಾಕಿಸಿದ. ಲೈಕನ್ ಎಂಬುದು ಒಂದು ಜೀವಿಯಲ್ಲ, ಶಿಲೀಂಧ್ರವೆಂಬ ಯಜಮಾನ ಪಾಚಿಗಳನ್ನು ಆಳಾಗಿ ಹಿಡಿದಿಟ್ಟುಕೊಂಡಿರುವ ಮನೆ ಎಂದು ಅವನು 1867ರಲ್ಲೇ ಸಭೆಯೊಂದರಲ್ಲಿ ಹೇಳಿದ್ದ. ಈಗ ಚಿತ್ರಸಮೇತ ತೋರಿಸಿದ. ಎರಡು, ಪ್ಯಾರಿಸ್ಸಿನಲ್ಲಿದ್ದ ವಿಲಿಯಂ ನೈಲಾಂಡರ್ ನೀಲಗಿರಿಯ ಒಂದು ಲೈಕನ್‌ಗೆ ‘ಪರ್ಮೀಲಿಯ ನೀಲ್ಗರೆನ್ಸಿಸ್’ ಎಂದು ಹೆಸರಿಟ್ಟ. ನಮ್ಮ ಬೆಟ್ಟದ ಹೆಸರು ಲ್ಯಾಟಿನ್ನಿಗೆ ಹೋಯಿತು.

ನೈಲಾಂಡರ್ ಫಿನ್‌ಲೆಂಡಿನವನು, ಹೆಲ್ಸಿಂಕಿಯಲ್ಲಿ ಸಸ್ಯಶಾಸ್ತ್ರದ ಮೊದಲ ಪ್ರಾಧ್ಯಾಪಕ. ಕೆಲಸ ಬಿಟ್ಟು 1863ರಲ್ಲಿ ಪ್ಯಾರಿಸ್ಸಿಗೆ ಬಂದು, ಬಡತನದಲ್ಲಿ, ಒಂಟಿಯಾಗಿ, ಎಲ್ಲರ ಜೊತೆ ಜಗಳವಾಡುತ್ತ 1899ರವರೆಗೆ ಲೈಕನ್‌ಗಳನ್ನು ನೋಡುತ್ತಲೇ ಇದ್ದ. ಪ್ರಪಂಚದ ಎಲ್ಲ ಮೂಲೆಗಳಿಂದ ಅವನಿಗೆ ಕಟ್ಟುಗಳು ಬರುತ್ತಿದ್ದವು. ಶ್ವೆಂಡನರನ ಮಾತನ್ನು ಸಾಯುವವರೆಗೂ ಒಪ್ಪಲಿಲ್ಲ. ಅದನ್ನು ಒಪ್ಪಿದವರನ್ನು ತನ್ನ ಬಳಗದಿಂದ ದೂರವಿಟ್ಟ. ಆ ವಾದದಲ್ಲಿ ಅವನು ಸೋತದ್ದು ನಿಜ, ಶ್ವೆಂಡನರ್ ಗೆದ್ದದ್ದು ನಿಜ. 2016ರಲ್ಲಂತೂ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಹಲವು ಲೈಕನ್‌ಗಳ ಚರ್ಮದಲ್ಲಿ ಯೀಸ್ಟಿನ ಜಾತಿಯ ಮೂರನೆಯ ಸದಸ್ಯನೂ ಇರುವುದನ್ನು ತೋರಿಸಿದರು. ಆದರೆ ಇಂದು ಯಾವ ವಿದ್ಯಾರ್ಥಿಯೂ ನೈಲಾಂಡರನ ಋಣವಿಲ್ಲದೆ ಒಂದು ಲೈಕನ್ ಗುರುತಿಸಲಾರ. ಕಣ್ಣಿಗೆ ಒಂದೇ ಥರ ಕಾಣುವ ಲೈಕನ್‌ಗಳು ಒಳಗಿನ ರಸಾಯನದಲ್ಲಿ ಬೇರೆ ಬೇರೆಯಾಗಿರುತ್ತವೆ, ಒಂದು ಹನಿ ಔಷಧಿ ಬಿಟ್ಟರೆ ಗುಟ್ಟು ಹೊರಬೀಳುತ್ತದೆ ಎಂದು 1860ರ ದಶಕದ ನಡುವಿನಲ್ಲಿ ಕಂಡುಹಿಡಿದವನು ಅವನು. ಪ್ಯಾರಿಸ್ಸಿನ ಹೊಗೆಗೆ ಲೈಕನ್‌ಗಳು ಸಾಯುತ್ತವೆಂದು, ಅವು ಗಾಳಿಯ ಶುದ್ಧಿಯನ್ನು ಅಳೆಯಬಲ್ಲವೆಂದು 1866ರಲ್ಲಿ ಬರೆದವನೂ ಅವನೇ.

ಅವನ ಹನಿ ಪರೀಕ್ಷೆಯನ್ನು ಬ್ಯಾಡಗಿಯ ಒಂದು ಹಿಡಿ ಕಲ್ಲುಹೂವಿನ ಮೇಲೆ ಮಾಡಿ ನೋಡಬಹುದು. ದೊಡ್ಡ ಚೂರುಗಳನ್ನು ಆರಿಸಿ ಬೂದುಬಣ್ಣದ ಮೈ ಮೇಲೆ ಬರುವಂತೆ ಇಡಬೇಕು. ಕೆಲವದರ ಅಂಚಿಗೆ ರೆಪ್ಪೆಗೂದಲಿನಂಥ ಕಪ್ಪು ಕೂದಲು, ತುದಿಗೆ ಹಿಟ್ಟು ಉದುರಿಸಿದಂಥ ಪುಡಿ ಇರುತ್ತದೆ. ಅದು ಪರ್ಲೇಟಮ್ ಇರಬಹುದು. ಇನ್ನು ಕೆಲವು ಅಗಲವಾಗಿ, ಅಂಚು ಬೋಳಾಗಿ, ನಡುವೆ ಬೆರಳಿಗೆ ಒರಟಾಗಿ ತಾಗುವ ಸಣ್ಣ ಸಣ್ಣ ಗುಬುಟುಗಳಿಂದ ತುಂಬಿರುತ್ತವೆ. ಬ್ಲೇಡಿನಿಂದ ಮೇಲಿನ ತೊಗಲನ್ನು ಕೂದಲೆಳೆಯಷ್ಟು ಕೆರೆದು ಒಳಗಿನ ಬಿಳಿ ಭಾಗ ತೋರುವಂತೆ ಮಾಡಿ, ಬಟ್ಟೆ ಬಿಳಿ ಮಾಡುವ ಬ್ಲೀಚಿನ ಒಂದು ಹನಿ ತಾಗಿಸಿದರೆ ಈ ಎರಡನೆಯದು ಕ್ಷಣದಲ್ಲಿ ಕೆಂಪಗಾಗುತ್ತದೆ. ಪರ್ಲೇಟಮ್ ಬಣ್ಣ ತಿರುಗುವುದಿಲ್ಲ. ಕೆಂಪಾದದ್ದು ‘ಪರ್ಮೊಟ್ರೀಮ ಟಿಂಕ್ಟೋರಮ್’, ಒಳಗಿರುವುದು ಲೆಕನೋರಿಕ್ ಆಮ್ಲ. ಇದಕ್ಕೆ ಈ ಜಾತಿನಾಮ ಬಂದದ್ದು ನೈಲಾಂಡರನ ಲೇಖನಿಯಿಂದ 1872ರಲ್ಲಿ, ಅವನ ಮುಂದಿದ್ದ ಮಾದರಿ ಬಂದದ್ದು ಕಾನರಿ ದ್ವೀಪಗಳಿಂದ. ಬಣ್ಣಗಾರರ ಲೈಕನ್ ಎಂಬುದೇ ಹೆಸರಿನ ಅರ್ಥ. ಮಂಜಿನ ಕಡಲಂಚಿನಿಂದ ಪ್ಯಾರಿಸ್ಸಿಗೆ ಹೋದ ಅದೇ ಜಾತಿ ನಮ್ಮ ಮಲೆನಾಡಿನ ಮರಗಳ ಮೇಲೂ ಧಾರಾಳವಾಗಿ ಬೆಳೆಯುತ್ತದೆ, ಅಲ್ಲಿಂದ ಮಸಾಲಿ ಖಾರಕ್ಕೂ ಬರುತ್ತದೆ. ಬ್ಲೀಚು ತಾಗಿದ ಚೂರನ್ನು ಮಾತ್ರ ಮಸಾಲೆಗೆ ಹಾಕಬಾರದು.

ಇಷ್ಟೆಲ್ಲ ಹೊತ್ತಿಗೂ ಭಾರತೀಯನೊಬ್ಬ ಭಾರತದ ಲೈಕನ್‌ಗೆ ಹೆಸರಿಡುವ ಮಾತಿರಲಿಲ್ಲ. ಕಾರಣ ಬುದ್ಧಿಯ ಕೊರತೆಯಲ್ಲ. ಹೊಸದು ಎಂದು ಹೇಳಬೇಕಾದರೆ ಹಳೆಯದನ್ನೆಲ್ಲ ನೋಡಿರಬೇಕು. ಹಳೆಯ ಮಾದರಿಗಳಿದ್ದುದು ಪ್ಯಾರಿಸ್, ಲಂಡನ್, ಹೆಲ್ಸಿಂಕಿಗಳಲ್ಲಿ. ಅಕೇರಿಯಸ್ಸನದೂ ನೈಲಾಂಡರನದೂ ಮುಖ್ಯ ಸಂಗ್ರಹ ಇರುವುದು ಹೆಲ್ಸಿಂಕಿಯಲ್ಲೇ. 1935ರಿಂದ ಮುಂದಕ್ಕೆ ಹೊಸ ಜಾತಿಯ ಲಕ್ಷಣವನ್ನು ಲ್ಯಾಟಿನ್ನಿನಲ್ಲೇ ಬರೆಯಬೇಕೆಂಬ ನಿಯಮ ಬೇರೆ. ಅದು ಸಡಿಲವಾದದ್ದು 2012ರಲ್ಲಿ. ಲಾಹೋರಿನ ಜಿ. ಎಲ್. ಚೋಪ್ರಾ 1934ರಲ್ಲಿ ಡಾರ್ಜಿಲಿಂಗ್ ಮತ್ತು ಸಿಕ್ಕಿಂನ ಲೈಕನ್‌ಗಳ ಬಗ್ಗೆ ಪುಸ್ತಕ ಬರೆದು ಬಾಗಿಲು ತೆರೆದರು. ಒಳಗೆ ಹೋಗಿ ಮನೆ ಕಟ್ಟಿದವರು ಲಖನೌ ವಿಶ್ವವಿದ್ಯಾಲಯದ ಧರಣಿಧರ ಅವಸ್ಥಿ.

ಅವಸ್ಥಿಯವರು ಹುಟ್ಟಿದ್ದು 1922ರಲ್ಲಿ, ತೀರಿಕೊಂಡದ್ದು 2011ರಲ್ಲಿ. ನಡುವೆ ಅವರು ಮಾಡಿದ ಕೆಲಸದ ರೀತಿಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಸಿಕ್ಕಿದ್ದಕ್ಕೆಲ್ಲ ಹೊಸ ಹೆಸರು ಕೊಟ್ಟು ಹೆಸರು ಮಾಡುವ ಅವಸರ ಅವರಿಗಿರಲಿಲ್ಲ. ಇನ್ನೂರು ವರ್ಷದಲ್ಲಿ ಯಾರು ಯಾರು ಈ ನೆಲದ ಯಾವ ಲೈಕನ್ ಬಗ್ಗೆ ಎಲ್ಲಿ ಬರೆದಿದ್ದಾರೆಂದು ಒಂದೊಂದನ್ನೂ ಹುಡುಕಿ, ಭಾರತ, ನೇಪಾಳ, ಪಾಕಿಸ್ತಾನ, ಸಿಂಹಳಗಳ ಲೈಕನ್‌ಗಳ ಪಟ್ಟಿಯನ್ನು 1965ರಲ್ಲಿ ಹೊರತಂದರು. ಮೊದಲು ಲೆಕ್ಕದ ಪುಸ್ತಕ, ಆಮೇಲೆ ವ್ಯಾಪಾರ. 1975ರಲ್ಲಿ ಡಿರಿನೇರಿಯ ಎಂಬ ಒಂದೇ ಕುಲದ ಬಗ್ಗೆ ಪ್ರಪಂಚದ ಎಲ್ಲ ಜಾತಿಗಳನ್ನೂ ಒಳಗೊಂಡ ಗ್ರಂಥ ಬರೆದರು. 1988ರಲ್ಲಿ ದೊಡ್ಡ ಲೈಕನ್‌ಗಳಿಗೆ, 1991ರಲ್ಲಿ ಸಣ್ಣವಕ್ಕೆ ಗುರುತಿನ ಕೀಲಿಗಳನ್ನು ಸಿದ್ಧಪಡಿಸಿದರು; ಮೊದಲನೆಯದು ಜಪಾನಿನ ಪತ್ರಿಕೆಯಲ್ಲಿ, ಎರಡನೆಯದು ಜರ್ಮನಿಯ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಆ ಕೀಲಿಗಳು ಕೈಗೆ ಬಂದ ಮೇಲೆ ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಕೂತ ವಿದ್ಯಾರ್ಥಿ ಪ್ಯಾರಿಸ್ಸಿಗೆ ಕಾಗದ ಬರೆದು ಕಾಯಬೇಕಾಗಿಲ್ಲ. ತಮ್ಮ ಜೀವಮಾನದ ಸಂಗ್ರಹವನ್ನು ಅವರು ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಗೆ ಒಪ್ಪಿಸಿದರು. ಅಕೇರಿಯಸ್ಸನ ಹೆಸರಿನ ಅಂತರರಾಷ್ಟ್ರೀಯ ಪದಕ ಅವರಿಗೆ ಸಂದಿತು.

ಪಶ್ಚಿಮಘಟ್ಟದ ಭಾಗ ಪುಣೆಗೆ ಬಂತು. ಇಂದು ಆಘಾರಕರ್ ಸಂಶೋಧನಾ ಸಂಸ್ಥೆ ಎಂದು ಹೆಸರಾಗಿರುವ ಕೇಂದ್ರದಲ್ಲಿ ಪಿ. ಜಿ. ಪಟವರ್ಧನ್, ಊರ್ಮಿಳಾ ಮಖೀಜಾ ಮೊದಲಾದವರು ಘಟ್ಟದ ಲೈಕನ್‌ಗಳನ್ನು ಹಿಡಿದು ದಶಕಗಟ್ಟಲೆ ಕೆಲಸ ಮಾಡಿದರು. 1986ರಲ್ಲಿ ಗೀತಾ ಅವಸ್ಥಿ ಭಾರತದ ಅಸ್ನಿಯಾ ಕುಲದ ಬಗ್ಗೆ ಬರೆದಾಗ ಒಂದು ಜಾತಿಗೆ ‘ಅಸ್ನಿಯಾ ಘಾಟೆನ್ಸಿಸ್’ ಎಂದು ಹೆಸರಿಟ್ಟರು. ಮರಗಳಿಂದ ಗಡ್ಡದಂತೆ ಇಳಿಬೀಳುವ ಆ ಲೈಕನ್‌ನ ಹೆಸರಿನಲ್ಲಿ ನಮ್ಮ ಘಟ್ಟವಿದೆ, ಇಟ್ಟವರೂ ನಮ್ಮವರೇ. ಕುವೆಂಪು ವಿಶ್ವವಿದ್ಯಾಲಯದ ವೈ. ಎಲ್. ಕೃಷ್ಣಮೂರ್ತಿ ಮತ್ತು ಕೆ. ಎಸ್. ವಿನಾಯಕ ಭದ್ರಾ ಅಭಯಾರಣ್ಯ ಮತ್ತು ಸುತ್ತಲಿನ ಮಲೆನಾಡನ್ನು ಸುತ್ತಿದರು. ಲಖನೌದ ಡಿ. ಕೆ. ಉಪ್ರೇತಿ, ಸಂಜೀವ ನಾಯಕರ ಜೊತೆಗೂಡಿ, ಕರ್ನಾಟಕದಲ್ಲಿ ಅದುವರೆಗೆ ದಾಖಲಾಗದಿದ್ದ ಲೈಕನ್‌ಗಳ ವರದಿಯನ್ನು 2012ರಲ್ಲಿ ಪ್ರಕಟಿಸಿದರು. ಅದಕ್ಕೆ ಎರಡು ವರ್ಷ ಮೊದಲು, 2010ರಲ್ಲಿ, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಕೆ. ಪಿ. ಸಿಂಗ್ ಮತ್ತು ಜಿ. ಪಿ. ಸಿನ್ಹಾ ಹೊರತಂದ ಪಟ್ಟಿಯಲ್ಲಿ ಭಾರತದ ಲೈಕನ್‌ಗಳ ಸಂಖ್ಯೆ 2303ಕ್ಕೆ ಏರಿತ್ತು. ಲಿನ್ನೇಯಸ್ಸನ ಪುಸ್ತಕದಲ್ಲಿ ನಮ್ಮದು ಒಂದು ಸಾಲು.

ಕೆಲಸ ಹಿಮಾಲಯ ಮತ್ತು ಘಟ್ಟಗಳ ಕಡೆಗೇ ಹೆಚ್ಚು ಹರಿದದ್ದು ಸಹಜ. ಮಂಜು, ಮಳೆ, ನೆರಳು ಇರುವಲ್ಲಿ ಲೈಕನ್ ಕಣ್ಣು ತುಂಬುವಷ್ಟು ಬೆಳೆಯುತ್ತದೆ. ಬಯಲುಸೀಮೆಯಲ್ಲಿ ಅದು ಕಲ್ಲಿಗೂ ತೊಗಟೆಗೂ ಅಂಟಿದ ಬಣ್ಣದಂತೆ ಇರುತ್ತದೆ, ಹುಡುಕಿದವರಿಗೆ ಮಾತ್ರ ಕಾಣುತ್ತದೆ. ಗಳಗನಾಥದ ಸಂಗಮದಲ್ಲಿ ನಿಂತರೆ ಈ ಎರಡೂ ಲೋಕದ ನಂಟು ಕಾಣುತ್ತದೆ. ಸಾಗರದ ಕಡೆಯ ವರದಾಮೂಲದಲ್ಲಿ ಹುಟ್ಟಿದ ವರದೆ ಬನವಾಸಿಯನ್ನು ಬಳಸಿ ಇಲ್ಲಿಗೆ ಬರುತ್ತಾಳೆ. ಗಂಗಾಮೂಲದಿಂದ ಇಳಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಇಲ್ಲಿಗೆ ಬರುತ್ತಾರೆ. ವಿಜ್ಞಾನಿಗಳು ಲೈಕನ್ ಕಿತ್ತ ಮಂಜಿನ ಕಾಡುಗಳ ನೀರೇ ಊರಿನ ಗಳಗೇಶ್ವರ ಗುಡಿಯ ಮುಂದೆ ಹರಿಯುವುದು. ಮಂಜು ಮಾತ್ರ ಘಟ್ಟದಲ್ಲೇ ಉಳಿಯುತ್ತದೆ.

ಬಯಲಿನ ಲೈಕನ್‌ಗಳೂ ಇಬ್ಬನಿಯನ್ನು ನಂಬಿ ಬದುಕುವ ಗಟ್ಟಿ ಜೀವಗಳೇ. ಊರ ಹೊರಗಿನ ಹುಣಸೆ, ಮಾವಿನ ಬುಡಗಳನ್ನು ನೋಡಿ. ನಾಣ್ಯದಗಲದ, ಬೂದಿ ಬಣ್ಣದ, ತೊಗಟೆಗೆ ಒತ್ತಿ ಮೆತ್ತಿದಂಥ ಬಿಲ್ಲೆಗಳಲ್ಲಿ ನಡುವಿನಿಂದ ಅಂಚಿಗೆ ನೆರಿಗೆ ಹಿಡಿದಿರುತ್ತದೆ. ಅವಸ್ಥಿಯವರು ಗ್ರಂಥ ಬರೆದ ಡಿರಿನೇರಿಯ ಬೆಳೆಯುವುದು ಇಂಥ ಬಿಸಿ ಸೀಮೆಯ ಮರಗಳಲ್ಲಿ. ಬಿಸಿಲಿಗೆ ಕಾದ ಬಂಡೆಗಳ ಮೇಲೆ ಪೆಲ್ಟುಲದಂಥವು ಕಪ್ಪು ಹಸಿರಿನ ಚುಕ್ಕೆಗಳಾಗಿ ಕೂರುತ್ತವೆ. ಬಂಡೆಯ ಬೇರೆ ಲೈಕನ್‌ಗಳಲ್ಲಿ ಕೆಲವು ಕಿತ್ತಳೆ, ಕೆಲವು ಹಳದಿ.

ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯ ಗರ್ಭಗೃಹಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಹಿಡಿದ ಭಾರಿ ಕಲ್ಲುಬುಡವಿದೆ. ಹತ್ತಿರದ ಚೌಡದಾನಪುರದ ಮುಕ್ತೇಶ್ವರ, ಹಾವೇರಿಯ ಸಿದ್ಧೇಶ್ವರ, ಹೀಗೆ ಜಿಲ್ಲೆಯ ತುಂಬ ಇರುವ ಹಳೆಯ ಗುಡಿಗಳೆಲ್ಲ ಶತಮಾನಗಳಿಂದ ಒಂದೇ ಕಡೆ ಮುಖ ಮಾಡಿ ನಿಂತ ಕಲ್ಲುಗಳು. ಲೈಕನ್ ನೋಡುವವನಿಗೆ ಇದಕ್ಕಿಂತ ಒಳ್ಳೆಯ ಹಾಳೆ ಸಿಗುವುದಿಲ್ಲ. ಕಲ್ಲಿಗೆ ಇವು ಹಾನಿ ಮಾಡುವುದಿಲ್ಲವೇ ಎಂದರೆ, ಮಾಡುತ್ತವೆ. ಶಿಲೀಂಧ್ರದ ಎಳೆಗಳು ಕಲ್ಲಿನ ಕಣಗಳ ಸಂದಿಗೆ ಇಳಿಯುತ್ತವೆ, ಆಕ್ಸಾಲಿಕ್ ಆಮ್ಲ ಒಸರಿ ಮೈಯನ್ನು ಕೊರೆಯುತ್ತವೆ. ಕೆಲವು ಕಡೆ ಅದೇ ಪದರ ಮಳೆಗಾಳಿಯಿಂದ ಕಲ್ಲನ್ನು ಕಾಯುವುದೂ ಉಂಟು. ಯಾವುದು ಕೊರೆಯುತ್ತದೆ, ಯಾವುದು ಕಾಯುತ್ತದೆ ಎಂದು ತಿಳಿಯಬೇಕಾದರೆ ಮೊದಲು ಅದು ಯಾವ ಜಾತಿ ಎಂದು ಗೊತ್ತಿರಬೇಕು. ಮೇಸನ್ ಹೇಲ್ 1970ರ ದಶಕದಲ್ಲಿ ಮಧ್ಯ ಅಮೆರಿಕದ ಕಿರಿಗ್ವಾ ಮತ್ತು ಕೊಪಾನ್‌ನ ಮಾಯಾ ಶಿಲ್ಪಗಳನ್ನು ಶುಚಿಗೊಳಿಸುವ ಕೆಲಸಕ್ಕೆ ಹೋದಾಗ ಹಿಡಿದ ಹಾದಿ ಇದೇ. ಹೆಸರು ಮೊದಲು, ಔಷಧಿ ಆಮೇಲೆ.

ನಮ್ಮಲ್ಲಿ ಗುಡಿಯ ಮೈ ತಿಕ್ಕುವಾಗ, ಜಾತ್ರೆಗೆ ಸುಣ್ಣ ಬಳಿಯುವಾಗ, ರಸ್ತೆ ಅಗಲಕ್ಕೆ ಹಳೆಯ ಹುಣಸೆಮರಗಳನ್ನು ಕೊಡಲಿಗೆ ಕೊಡುವಾಗ ಈ ಪ್ರಶ್ನೆಯೇ ಏಳುವುದಿಲ್ಲ. ಲೈಕನ್ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ, ಎಷ್ಟೋ ಜಾತಿಗಳು ಅದಕ್ಕಿಂತಲೂ ನಿಧಾನ. ಅಂಗೈಯಗಲದ ಒಂದು ಬಿಲ್ಲೆಯನ್ನು ತಂತಿ ಬ್ರಷ್ಷಿನಿಂದ ಅಳಿಸಲು ಒಂದು ನಿಮಿಷ ಸಾಕು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಕಲಿಸುವ ಗುರುಗಳಲ್ಲಿ ನನ್ನ ಒಂದು ವಿನಂತಿ. ನಿಮ್ಮ ಮಕ್ಕಳನ್ನು ಒಂದು ಇಬ್ಬನಿಯ ಬೆಳಿಗ್ಗೆ ಗಳಗನಾಥಕ್ಕೆ ಕರೆದುಕೊಂಡು ಹೋಗಿ. ಗುಡಿಯ ಕಲ್ಲನ್ನು ಮುಟ್ಟುವುದು, ಕೆರೆಯುವುದು ಬೇಡ, ಅದು ಸಂರಕ್ಷಿತ ಸ್ಮಾರಕ. ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೊ ತೆಗೆಯಿರಿ. ಯಾವ ದಿಕ್ಕಿನ ಗೋಡೆ, ನೆಲದಿಂದ ಎಷ್ಟು ಎತ್ತರ, ಯಾವ ತಾರೀಖು ಎಂದು ಬರೆದುಕೊಳ್ಳಿ. ಊರ ಹೊರಗೆ ತಾನಾಗಿ ಉದುರಿದ ತೊಗಟೆಯ ಚೂರನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಪ್ಲಾಸ್ಟಿಕ್ ಚೀಲ ಬೇಡ, ಬೂಸ್ಟು ಹಿಡಿಯುತ್ತದೆ, ಮೇಲೆ ಮರದ ಹೆಸರು, ಊರ ಹೆಸರು, ಆಯ್ದವರ ಹೆಸರು ಬರೆಯಿರಿ. ಅವಸ್ಥಿಯವರ ಕೀಲಿ ಹಿಡಿದು ಗುರುತಿಸಲು ಪ್ರಯತ್ನಿಸಿ, ಸಾಲದಿದ್ದರೆ ಲಖನೌಗೋ ಪುಣೆಗೋ ಕಳಿಸಿ. ಪೆರೊಟೆ ನೀಲಗಿರಿಯಿಂದ ಪ್ಯಾರಿಸ್ಸಿಗೆ ಕಟ್ಟು ಕಳಿಸಿ ಉತ್ತರಕ್ಕೆ ಕಾದಂತೆ ನೀವು ಕಾಯಬೇಕಾಗಿಲ್ಲ, ಅಂಚೆಗೆ ಒಂದು ವಾರ ಸಾಕು.